ಹನ್ನೆರಡು ಎಸಳಿಗೆ ಹಿಡಿಯದ ಶ್ರಾವಣ

ಪಟ್ಟಿ ಬೇಡ, ಗೋಲ್ ಬೇಕು ಎಂದರು ಮಾಲಕರು. ವರ್ಷ ಗುಂಡಗಿರುತ್ತದೆ, ಪಾಡ್ಯದಿಂದ ಹೊರಟು ಪಾಡ್ಯಕ್ಕೇ ಬಂದು ನಿಲ್ಲುತ್ತದೆ, ಹಾಗಿದ್ದ ಮೇಲೆ ಅದರ ಚಿತ್ರವೂ ಗುಂಡಗಿರಬೇಕು ಎಂಬುದು ಅವರ ವಾದ. ಯಾವುದೋ ವ್ಯಾಪಾರಿಗಳ ಸಭೆಯಲ್ಲಿ ಪರದೆಯ ಮೇಲೆ ಹೂವಿನ ಎಸಳಿನಂಥ ಚಾರ್ಟು ನೋಡಿ ಬಂದಿದ್ದರು. ಅದು ತಲೆಯಲ್ಲಿ ಕುಳಿತುಬಿಟ್ಟಿತ್ತು. ನಾನು ತಂದಿದ್ದ ಕಂಬದ ಚಾರ್ಟನ್ನು ಕಣ್ಣೆತ್ತಿಯೂ ನೋಡಲಿಲ್ಲ.

ಅವರ ಅಂಗಡಿ ಸೊಲ್ಲಾಪುರದ ಪೇಟೆಯಲ್ಲಿದೆ. ಮುಂದಿನ ಕೋಣೆಯಲ್ಲಿ ಟಾವೆಲ್ಲು, ಚಾದರು. ಹಿಂದಿನ ಕೋಣೆಯಲ್ಲಿ ಶೇಂಗಾ ಚಟ್ನಿ ಮತ್ತು ಕಡಕ ರೊಟ್ಟಿಯ ಪೆಟ್ಟಿಗೆಗಳು. ರೊಟ್ಟಿ ಬರುವುದು ಅಕ್ಕಲಕೋಟದಿಂದ. ಅಲ್ಲಿ ಅವರು ನಡೆಸುವ ರೊಟ್ಟಿಯ ಮನೆಯಲ್ಲಿ ಒಂಬತ್ತು ಒಲೆ, ಒಂಬತ್ತು ಹೆಂಗಸರು. ಯಾವ ತಿಂಗಳು ಎಷ್ಟು ರೊಟ್ಟಿ ಆಗುತ್ತದೆ ಎಂಬುದು ಒಂದು ನೋಟಕ್ಕೆ ಕಾಣಬೇಕು ಎಂದು ನನ್ನನ್ನು ಕರೆಸಿದ್ದರು. ಅಂಕಿಗಳನ್ನು ಚಿತ್ರ ಮಾಡಿಕೊಡುವುದು ನನ್ನ ಕೆಲಸ. ಎಂಟು ದಿನ ಕೊಡಿ ಎಂದೆ. ನಾಲ್ಕೇ ದಿನದಲ್ಲಿ ಮುಗಿಸಬಲ್ಲೆ ಎಂಬ ಧೈರ್ಯ ಒಳಗಿತ್ತು.

ಅವರು ಕೇಳಿದ್ದಕ್ಕೆ ಪೋಲಾರ್ ಏರಿಯಾ ಚಾರ್ಟ್ ಎನ್ನುತ್ತಾರೆ. ಪೈ ಚಾರ್ಟಿನಲ್ಲಿ ತುಂಡುಗಳ ಉದ್ದ ಒಂದೇ, ಅಗಲ ಬೇರೆ ಬೇರೆ. ಇದರಲ್ಲಿ ಎಲ್ಲ ತುಂಡುಗಳ ಕೋನ ಒಂದೇ, ನಡುವಿನಿಂದ ಹೊರಗೆ ಚಾಚುವ ಉದ್ದ ಬೇರೆ ಬೇರೆ. ಹನ್ನೆರಡು ತಿಂಗಳಿಗೆ ಹನ್ನೆರಡು ಎಸಳು, ಒಂದೊಂದಕ್ಕೆ ಮೂವತ್ತು ಡಿಗ್ರಿ. ಲೆಕ್ಕ ಚೊಕ್ಕವಾಗಿತ್ತು.

ಮೊದಲ ತೊಡಕು ದಫ್ತರದ್ದು. ರೊಟ್ಟಿಯ ಎಣಿಕೆ ಬರೆದಿಡುವವರು ಅಲ್ಲಿಯ ಹಿರಿಯ ಹೆಂಗಸು. ಎಲ್ಲರೂ ಅವರನ್ನು ಕಾಕು ಎನ್ನುತ್ತಾರೆ. ಚಿಕ್ಕಮ್ಮನಿಗೆ ಮರಾಠಿಯವರು ಹೇಳುವ ಮಾತು, ನಮ್ಮ ಕಡೆ ಕನ್ನಡದವರ ಬಾಯಲ್ಲೂ ಅದೇ. ದಫ್ತರ ಅಕ್ಕಲಕೋಟ ಬಿಟ್ಟು ಹೊರಗೆ ಹೋಗುವುದಿಲ್ಲ, ಬೇಕಾದರೆ ಫೋಟೊ ತೆಗೆದುಕೊಳ್ಳಿ ಎಂದು ಕಾಕು ಹೇಳಿ ಕಳಿಸಿದರು. ಪೆಟ್ಟಿಗೆ ತರಲು ಹೋಗುವ ಟೆಂಪೊ ಡ್ರೈವರನೇ ಫೋಟೊ ತೆಗೆದ. ದಫ್ತರ ಎಂದರೆ ದಾರ ಕಟ್ಟಿದ ಬಿಡಿ ಹಾಳೆಗಳ ಕಟ್ಟು. ಆತ ಹಾಳೆ ಬಿಚ್ಚಿ, ಕೈಗೆ ಸಿಕ್ಕಿದ್ದನ್ನು ಸಿಕ್ಕ ಹಾಗೆ ತೆಗೆದು, ನನ್ನ ಫೋನಿಗೆ ಸುರಿದುಬಿಟ್ಟ. ಕೆಲವು ತಲೆಕೆಳಗಾಗಿದ್ದವು, ಒಂದರಲ್ಲಿ ಆತನ ಹೆಬ್ಬೆರಳೂ ಬಂದಿತ್ತು.

ಕಾಕು ಬರೆಯುವುದು ಕನ್ನಡದಲ್ಲಿ, ಅಂಕಿಯೂ ಕನ್ನಡದವೇ. ನನ್ನ ಶಾಲೆ ಮರಾಠಿಯದು. ಕನ್ನಡ ಓದಲು ಕಲಿಸಿದ್ದು ಅಜ್ಜಿ, ಮಾವಿನಕಾಯಿ ಹೋಳು ಮಾಡುತ್ತ ಮಾಡುತ್ತ. ಹಾಗಾಗಿ ಓದು ಬರುತ್ತದೆ, ಆದರೆ ೬ ಮತ್ತು ೯ ಎದುರು ಬಂದರೆ ಈಗಲೂ ಒಂದು ಗಳಿಗೆ ನಿಂತು ನೋಡುತ್ತೇನೆ. ಪ್ರತಿ ಸಾಲಿನಲ್ಲಿ ತಿಂಗಳ ಹೆಸರು, ತಿಥಿ, ಆ ದಿನ ಎಷ್ಟು ಉಂಡೆ ಎಂಬ ಎಣಿಕೆ. ಉಂಡೆ ಎಂದರೆ ಹಿಟ್ಟಿನ ಉಂಡೆ. ಅಲ್ಲಿ ದೊಡ್ಡ ರೊಟ್ಟಿ, ಸಣ್ಣ ರೊಟ್ಟಿ ಎಂದು ಎರಡು ಅಳತೆ ಇರುವುದರಿಂದ ಕಾಕು ರೊಟ್ಟಿ ಎಣಿಸುವುದಿಲ್ಲ, ಉಂಡೆ ಎಣಿಸುತ್ತಾರೆ.

ಶ್ರಾವಣದ ಸಾಲುಗಳಿಗೆ ಮಾತ್ರ ಹಿಂದೆ ಒಂದೊಂದು ಅಕ್ಷರವಿತ್ತು. ಕೆಲವಕ್ಕೆ ‘ಅ.’, ಕೆಲವಕ್ಕೆ ‘ನಿ.’. ತಿಥಿಯ ಪ್ರಕಾರ ಜೋಡಿಸಿದಾಗ ಶುದ್ಧ ಪಾಡ್ಯಕ್ಕೆ ಎರಡು ಸಾಲು, ಶುದ್ಧ ಬಿದಿಗೆಗೆ ಎರಡು ಸಾಲು, ಹೀಗೆ ಅಮಾವಾಸ್ಯೆಯವರೆಗೆ ಜೋಡಿ ಜೋಡಿಯಾಗಿ ಕುಳಿತವು. ನಾನು ಒಂದು ಚಹಾ ಮುಗಿಯುವಷ್ಟರಲ್ಲಿ ಗುಟ್ಟು ಬಿಡಿಸಿದೆ. ‘ಅ.’ ಎಂದರೆ ಅಕ್ಕಲಕೋಟ, ಅಲ್ಲಿಯೇ ಮಾರಿದ್ದು. ‘ನಿ.’ ಎಂದರೆ ನಿರ್ಯಾತ, ಊರ ಹೊರಗೆ ಕಳಿಸಿದ್ದು. ಹಬ್ಬದ ತಿಂಗಳಲ್ಲವೇ, ಮಾಲು ಪುಣೆಗೋ ಇನ್ನೆಲ್ಲಿಗೋ ಹೋಗಿರಬೇಕು. ಅಕ್ಷರ ತೆಗೆದುಹಾಕಿ, ಹೆಸರು ಒಂದೇ ಇದ್ದ ಸಾಲುಗಳನ್ನೆಲ್ಲ ಕೂಡಿಸು ಎಂದು ಪ್ರೋಗ್ರಾಮಿಗೆ ಹೇಳಿದೆ. ಯಾರನ್ನೂ ಕೇಳಲಿಲ್ಲ. ಕೇಳುವಂಥದ್ದು ಏನೂ ಇದೆ ಅನ್ನಿಸಲೂ ಇಲ್ಲ.

ಚಿತ್ರ ಬರೆಯಲು ಸಿದ್ಧ ಲೈಬ್ರರಿ ಒಂದನ್ನು ಬಳಸಿದೆ. ಅದು ಗಣಿತದ ಪುಸ್ತಕದಂತೆ ಬಲಗಡೆಯಿಂದ ಶುರು ಮಾಡಿ ಗಡಿಯಾರದ ವಿರುದ್ಧ ಸುತ್ತುತ್ತದೆ. ಮೊದಲ ಪ್ರತಿ ನೋಡಿದ ಮಾಲಕರ ಮುಖ ಹುಳ್ಳಗಾಯಿತು. ದೇವರಿಗೆ ಯಾರಾದರೂ ಎಡಸುತ್ತು ಹಾಕುತ್ತಾರೇನು ಎಂದರು. ಶುರುವನ್ನು ಹನ್ನೆರಡು ಗಂಟೆಯ ಜಾಗಕ್ಕೆ ತಂದು, ದಿಕ್ಕು ತಿರುಗಿಸಿ ಪ್ರದಕ್ಷಿಣೆ ಮಾಡಿಸಿದೆ. ಆಗ ಪಾಡ್ಯದ ಜಗಳ ಬಂತು. ನಾನು ಯುಗಾದಿ ಪಾಡ್ಯ ಎಂದು ಹಿಡಿದು ಚೈತ್ರದಿಂದ ಹೊರಟಿದ್ದೆ. ಅವರು ವ್ಯಾಪಾರಸ್ಥರು, ಅವರಿಗೆ ಪಾಡ್ಯ ಎಂದರೆ ದೀಪಾವಳಿಯದು. ಕಾರ್ತೀಕದಿಂದ ಶುರುವಾಗುವಂತೆ ಮತ್ತೆ ತಿರುಗಿಸಿದೆ. ಅವರಿಗೆ ಬೇಕಾದ ಮರಾಠಿ ಹೆಸರುಗಳೂ ನೆಟ್ಟಗೆ ಬರಲಿಲ್ಲ. ಆ ಲೈಬ್ರರಿಗೆ ಒತ್ತಕ್ಷರ ಕೂಡಿಸಲು ಬಾರದು, ಜ್ಯೇಷ್ಠ ಎಂಬ ಒಂದು ಮಾತು ನಾಲ್ಕು ತುಂಡಾಗಿ ಬಿದ್ದಿತ್ತು. ಹೆಸರುಗಳನ್ನು ಬೇರೆ ಕಡೆ ಬರೆದು ಚಿತ್ರದಂತೆ ಅಂಟಿಸಿದೆ. ಇಷ್ಟಕ್ಕೆಲ್ಲ ನನಗೆ ಬೇಸರವಿರಲಿಲ್ಲ. ಇಂಥ ಕಿರಿಕಿರಿ ಬಿಡಿಸುವುದರಲ್ಲಿಯೇ ನನ್ನ ಖುಷಿ ಇದೆ.

ಕೊನೆಯ ಪ್ರತಿ ನೋಡಲು ಜೋರಾಗಿತ್ತು. ಹನ್ನೊಂದು ಎಸಳು ಹೆಚ್ಚು ಕಡಿಮೆ ಒಂದೇ ಅಳತೆ, ಶ್ರಾವಣದ್ದು ಮಾತ್ರ ಅವುಗಳ ಎರಡು ಪಟ್ಟು ಉದ್ದ ಚಾಚಿ ಹಾಳೆಯ ಅಂಚಿಗೆ ಮುಟ್ಟುತ್ತಿತ್ತು. ಅದಕ್ಕೆ ಕೇಸರಿ ಬಣ್ಣ ತುಂಬಿದೆ. ಮಾಲಕರು ಅದನ್ನು ದೊಡ್ಡದಾಗಿ ಮುದ್ರಿಸಿ ಗಾದಿಯ ಹಿಂದಿನ ಗೋಡೆಗೆ ಹಚ್ಚಿದರು. ಬಂದವರಿಗೆಲ್ಲ ತೋರಿಸಿದರು. ನಾಲ್ಕು ದಿನದ ಮೇಲೆ ಕರೆದು, ನಿನ್ನ ಚಿತ್ರ ನೋಡಿ ಒಂದು ನಿರ್ಣಯ ಮಾಡಿದೆ ಎಂದರು. ರೊಟ್ಟಿಗೆ ಸೀಜನ್ ಇರುವುದೇ ಶ್ರಾವಣದಲ್ಲಿ, ಉಳಿದ ತಿಂಗಳು ಒಂಬತ್ತು ಒಲೆ ಯಾಕೆ, ಆರು ಸಾಕು. ಸಂಕ್ರಾಂತಿ ಆದ ಮೇಲೆ ಮೂವರನ್ನು ಬಿಡಿಸಿ, ಶ್ರಾವಣಕ್ಕೆ ಮತ್ತೆ ಕರೆದರಾಯಿತು.

ಈಗ ಬರೆಯಲು ನಾಚಿಕೆಯಾಗುತ್ತದೆ, ಆದರೆ ಆ ಹೊತ್ತಿಗೆ ನಾನು ಉಬ್ಬಿಹೋಗಿದ್ದೆ. ನನ್ನ ಚಿತ್ರ ನೋಡಿ ಒಬ್ಬರು ನಿರ್ಣಯ ತೆಗೆದುಕೊಂಡರು ಎಂದರೆ ಈ ಕೆಲಸದಲ್ಲಿ ಅದಕ್ಕಿಂತ ದೊಡ್ಡ ಶಾಬಾಸ್‌ಗಿರಿ ಇಲ್ಲ. ಇನ್ನೊಂದು ಪ್ರತಿ ಕೊಟ್ಟು, ಅಕ್ಕಲಕೋಟಕ್ಕೆ ಹೋಗಿ ಅಲ್ಲಿಯ ಗೋಡೆಗೂ ಹಚ್ಚಿ ಹೆಂಗಸರಿಗೆ ತಿಳಿಸಿ ಹೇಳಿ ಬಾ ಎಂದರು. ಬಾಯಿಮಾತಿಗೆ ಅವರು ಒಪ್ಪುವುದಿಲ್ಲ, ಚಿತ್ರ ನೋಡಿದರೆ ಸುಮ್ಮನಾಗುತ್ತಾರೆ ಎಂಬುದು ಅವರ ಲೆಕ್ಕ. ಹಾಳೆಯನ್ನು ಸುರುಳಿ ಸುತ್ತಿ ಎಸ್.ಟಿ. ಬಸ್ ಹತ್ತಿದೆ. ಗುರುವಾರವಾಗಿತ್ತು, ಬಸ್ಸಿನ ತುಂಬ ಸ್ವಾಮಿಗಳ ದರ್ಶನಕ್ಕೆ ಹೊರಟವರು, ಸುರುಳಿ ಮುದುಡದಂತೆ ತಾಸು ಹೊತ್ತು ತಲೆಯ ಮೇಲೆ ಹಿಡಿದುಕೊಂಡೇ ನಿಂತೆ.

ಮಧ್ಯಾಹ್ನ ಹೋದಾಗ ಒಲೆಗಳು ತಣ್ಣಗಾಗುತ್ತಿದ್ದವು. ಬಡಿದ ರೊಟ್ಟಿಗಳನ್ನು ಆರಲು ಹರವಿ, ಹೆಂಗಸರು ಗೋಡೆಗೆ ಒರಗಿ ಕುಳಿತಿದ್ದರು. ಮೂವರ ಮಾತು ಆಗಲೇ ಅವರ ಕಿವಿಗೆ ಬಿದ್ದಿತ್ತು. ಯಾವ ಮೂವರು ಎಂಬುದನ್ನು ಆರಿಸಿ ಹೇಳಬೇಕಾದವರು ಕಾಕು. ಕೊನೆಯ ಒಲೆಯ ಹೆಂಗಸು ಎಲ್ಲರಿಗಿಂತ ಹಿಂದೆ ಸೇರಿದವಳು, ಹಾಗಾಗಿ ಮೊದಲು ಹೋಗುವವಳೂ ಅವಳೇ. ಅವಳ ಗಂಡ ನಡೆಸುತ್ತಿದ್ದ ಪವರ್‌ಲೂಮ್ ನಿಂತುಹೋಗಿ ಬಹಳ ದಿನವಾಗಿತ್ತು, ಆ ಮನೆ ನಡೆಯುತ್ತಿದ್ದದ್ದು ಇವಳ ರೊಟ್ಟಿಯಿಂದ. ಇದನ್ನು ಅವಳು ಹೇಳಲಿಲ್ಲ, ಪಕ್ಕದವಳು ಹೇಳಿದಳು.

ನಾನು ಚಿತ್ರ ಬಿಡಿಸಿ ಗೋಡೆಗೆ ಹಿಡಿದೆ. ಇದು ಕಾರ್ತೀಕ, ಇದು ಮಾರ್ಗಶಿರ ಎಂದು ಬೆರಳಿಟ್ಟು ಹೇಳುತ್ತ ಹೋದೆ. ಕಾಕು ಸೊಂಟದ ಮೇಲೆ ಕೈ ಇಟ್ಟು ನೋಡಿದರು. ಅರವತ್ತು ದಾಟಿದ ಗಟ್ಟಿ ಹೆಂಗಸು, ಮೊಣಕೈವರೆಗೆ ಹಿಟ್ಟು. ಶ್ರಾವಣಕ್ಕೆ ಬಂದಾಗ ಕೈ ಅಡ್ಡ ಮಾಡಿ ನಿಲ್ಲಿಸಿದರು.

“ಇದು ಯಾರ ಮನಿ ಶ್ರಾವಣರಿ, ಬಾಯಿ? ಇದರಾಗ ನಾಕು ತಿಂಗಳ ಹಿಟ್ಟು ಐತೆಲ್ಲ.”

ಹೊರಗಿನಿಂದ ಬಂದ ಹೆಂಗಸನ್ನು ಅಲ್ಲಿ ಬಾಯಿ ಎನ್ನುತ್ತಾರೆ. ನಾಲ್ಕಲ್ಲ, ಎರಡು ಪಟ್ಟು ಎಂದು ನಾನು ತಿದ್ದಿದೆ. ನಡುವಿನಿಂದ ಹೊರಗಿನವರೆಗೆ ಬರೆದಿದ್ದ ಉಂಗುರಗಳನ್ನು ತೋರಿಸಿ, ಉದ್ದ ನೋಡಿ, ಆಚೆಯದು ಈ ಉಂಗುರಕ್ಕೆ, ಇದು ಆ ಉಂಗುರಕ್ಕೆ, ಸರಿಯಾಗಿ ಎರಡು ಪಟ್ಟು ಎಂದೆ. ಶಾಲೆಯ ಮಕ್ಕಳಿಗೆ ಹೇಳುವ ದನಿಯಲ್ಲಿ ಹೇಳಿದೆ ಎಂಬುದು ಆಮೇಲೆ ನೆನಪಾಯಿತು.

ಕಾಕು ಆರಲು ಇಟ್ಟಿದ್ದ ಒಂದು ದೊಡ್ಡ ರೊಟ್ಟಿ, ಒಂದು ಸಣ್ಣ ರೊಟ್ಟಿ ತಂದು ಒಂದರ ಮೇಲೊಂದು ಹಿಡಿದರು. ಸಣ್ಣದರ ಅಗಲ ದೊಡ್ಡದರ ಅರ್ಧ.

“ಉದ್ದ ಎರಡು ಪಟ್ಟು, ಹೂಂ. ಖರೆ ಇದು ಕೋಲಲ್ರಿ, ರೊಟ್ಟಿ ತುಣುಕ. ಒಂದು ದೊಡ್ಡ ಉಂಡಿ ಒಡದ್ರ ಈ ಸಣ್ಣವು ಎಷ್ಟ ಆಗತಾವ ಹೇಳ್ರಿ. ಎರಡಲ್ಲ. ನಾಕು.”

ಈ ನಿಯಮ ನನಗೆ ಗೊತ್ತಿಲ್ಲದ್ದಲ್ಲ. ಎಸಳಿನ ಉದ್ದ ಎರಡು ಪಟ್ಟಾದರೆ ಕ್ಷೇತ್ರ ನಾಲ್ಕು ಪಟ್ಟಾಗುತ್ತದೆ, ಕಣ್ಣು ನೋಡುವುದು ಉದ್ದವನ್ನಲ್ಲ, ಕ್ಷೇತ್ರವನ್ನು. ಅದಕ್ಕೇ ಅಂಕಿಯ ವರ್ಗಮೂಲ ತೆಗೆದು ಉದ್ದ ಇಡಬೇಕು. ಲೈಬ್ರರಿ ಮಾತ್ರ ಅಂಕಿಯನ್ನೇ ಉದ್ದವಾಗಿ ಇಡುತ್ತದೆ. ಉಂಗುರದ ಮೇಲಿನ ಅಂಕಿ ಸರಿ ಇದೆಯಲ್ಲ ಎಂದು ನಾನು ಬಿಟ್ಟಿದ್ದೆ. ಇನ್ನೂ ನಿಜ ಹೇಳಬೇಕೆಂದರೆ, ಹಾಗೆ ಬಿಟ್ಟಾಗ ಚಿತ್ರ ಜೋರಾಗಿ ಕಾಣುತ್ತಿತ್ತು. ಹೆಸರಿನಲ್ಲಿಯೇ ಏರಿಯಾ ಇರುವ ಚಾರ್ಟಿನ ಏರಿಯಾ ತಪ್ಪಿಸಿ, ಅದನ್ನು ರೊಟ್ಟಿ ಬಡಿಯುವವರ ಮುಂದೆಯೇ ತಂದು ಹಿಡಿದಿದ್ದೆ.

ಕಾಕು ಅಷ್ಟಕ್ಕೇ ಬಿಡಲಿಲ್ಲ. ಎರಡು ಪಟ್ಟು ಎಂಬುದೂ ಸುಳ್ಳು, ಯಾವ ಶ್ರಾವಣದಲ್ಲೂ ತಾವು ಅಷ್ಟು ಬಡಿದಿಲ್ಲ ಎಂದರು. ಕೈ ತೊಳೆದು ದಫ್ತರ ತಂದು ದಾರ ಬಿಚ್ಚಿದರು. ನಾನು ಫೋನಿನಲ್ಲಿದ್ದ ನನ್ನ ಪಟ್ಟಿ ತೆಗೆದು, ಇದು ಅಕ್ಕಲಕೋಟದ್ದು, ಇದು ನಿರ್ಯಾತದ್ದು, ಎರಡೂ ಕೂಡಿ ಇಷ್ಟು ಎಂದೆ. ಕಾಕು ನನ್ನ ಮುಖವನ್ನೇ ನೋಡಿದರು. ಆಮೇಲೆ ಹಿಂದೆ ಕುಳಿತವರ ಕಡೆ ತಿರುಗಿ ಒಮ್ಮೆ ನೋಡಿ, ಮತ್ತೆ ನನ್ನ ಕಡೆ ನೋಡಿದರು.

“ಅ ಅಂದ್ರ ಅಕ್ಕಲಕೋಟ ಅಲ್ರಿ. ಅಧಿಕ. ನಿ ಅಂದ್ರ ನಿಜ. ಹ್ವಾದ ವರ್ಷ ಶ್ರಾವಣ ಎರಡು ಬಂದಿದ್ವು. ಧೋಂಡ್ಯಾದಾಗ ನಿಮ್ಮ ಮನಿಯವ್ರನ್ನ ನಿಮ್ಮ ತವರಮನಿಯವ್ರು ಊಟಕ್ಕ ಕರದಿದ್ದಿಲ್ಲೇನು?”

ಕರೆದಿದ್ದರು. ಅಧಿಕಮಾಸಕ್ಕೆ ನಮ್ಮ ಕಡೆ ಧೋಂಡ್ಯಾ ಎನ್ನುತ್ತಾರೆ, ಆ ತಿಂಗಳು ಅಳಿಯಂದಿರಿಗೆ ರಾಜಮರ್ಯಾದೆ. ನನ್ನ ಗಂಡ ನಮ್ಮ ತಾಯಿಯ ಕೈಯಿಂದ ಮೂವತ್ತಮೂರು ಅನಾರಸೆ ಕಜ್ಜಾಯ, ಟಾವೆಲ್, ಟೋಪಿ ಎಲ್ಲ ತೆಗೆದುಕೊಂಡು ಮೀಸೆ ತಿರುವುತ್ತ ಬಂದಿದ್ದ. ಆ ಅನಾರಸೆಯನ್ನು ವಾರಗಟ್ಟಲೆ ತಿಂದವಳು ನಾನೇ. ಎರಡು ಶ್ರಾವಣಗಳ ಹಾಳೆ ಡ್ರೈವರನ ಕೈಯಲ್ಲಿ ಕಲೆತುಹೋಗಿದ್ದವು. ಎರಡಕ್ಕೂ ಪಾಡ್ಯದಿಂದ ಅಮಾವಾಸ್ಯೆಯವರೆಗೆ ಅವೇ ತಿಥಿಗಳು. ನಾನು ಜೋಡಿಸಿದಾಗ ಜೋಡಿ ಕುಳಿತದ್ದು ಅದಕ್ಕೇ. ಎರಡು ತಿಂಗಳ ಹಿಟ್ಟನ್ನು ಒಂದು ಎಸಳಿಗೆ ತುಂಬಿ, ಆ ಮೇಲೆ ಅದನ್ನು ಇಮ್ಮಡಿ ಹಿಗ್ಗಿಸಿ, ಕೇಸರಿ ಬಣ್ಣ ಬಳಿದು ಮಾಲಕರ ಗೋಡೆಗೆ ಹಚ್ಚಿದ್ದೆ. ಅದನ್ನು ನೋಡಿ ಮೂರು ಒಲೆ ಆರಿಸುವ ಮಾತಾಗಿತ್ತು.

ತಪ್ಪಾಯಿತು ಎಂದೆ. ಆಗ ಕೊನೆಯ ಒಲೆಯ ಹೆಂಗಸು ಎದ್ದು ಬಂದು, ಗೋಡೆಯ ಚಿತ್ರವನ್ನೇ ನೋಡುತ್ತ, ಮೆಲ್ಲಗೆ ಕೇಳಿದಳು.

“ಉಳದ ತಿಂಗಳ ಸ್ವಲ್ಪ ದೊಡ್ಡದು ತಗೀರಿ, ಬಾಯಿ. ಕಂಪ್ಯೂಟರ್‌ನಾಗ ಬರತೈತೆಲ್ಲ.”

ಬರುತ್ತದೆ. ಎರಡು ನಿಮಿಷದ ಕೆಲಸ. ಒಂದು ಕ್ಷಣ ಅವಳ ಕಡೆಗೇ ಮನಸ್ಸು ವಾಲಿತು, ಸುಳ್ಳು ಹೇಳುವುದಿಲ್ಲ. ನಾನು ಬಾಯಿ ತೆರೆಯುವ ಮೊದಲೇ ಕಾಕು ಅವಳನ್ನು ಗದರಿಸಿದರು, ಆಮೇಲೆ ನನ್ನ ಕಡೆ ತಿರುಗಿದರು.

“ಇದ್ದಷ್ಟು ತಗೀರಿ. ಇದ್ದಷ್ಟಽ ಸಾಕು ನಮಗ.”

ಹೊರಡುವಾಗ ಕಾಕು ಅವರಿಂದ ಒಂದು ದೊಡ್ಡ ರೊಟ್ಟಿ, ನಾಲ್ಕು ಸಣ್ಣ ರೊಟ್ಟಿ ಕೇಳಿ ಪಡೆದು ಬಟ್ಟೆಯಲ್ಲಿ ಸುತ್ತಿಕೊಂಡೆ. ಬಸ್ಸಿನಲ್ಲಿ ಈ ಸಲ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಸುಲಭದ ದಾರಿ ಒಂದಿತ್ತು. ಹೊಸ ಪ್ರತಿ ಬರೆದು, ಇದು ಸುಧಾರಿಸಿದ ಆವೃತ್ತಿ ಎಂದು ಕೊಟ್ಟುಬಿಡುವುದು. ನಮ್ಮ ಕೆಲಸದಲ್ಲಿ ಇದು ದಿನನಿತ್ಯ ನಡೆಯುತ್ತದೆ, ಯಾರೂ ಹಳೆಯದೇನಾಗಿತ್ತು ಎಂದು ಕೇಳುವುದಿಲ್ಲ. ಆದರೆ ಹಾಗೆ ಮಾಡಿದರೆ ನಿರ್ಣಯ ಹಾಗೆಯೇ ಉಳಿಯುತ್ತದೆ. ಮಾಲಕರು ಕೇಸರಿ ಎಸಳನ್ನು ನೋಡಿಯಾಗಿತ್ತು, ಅದು ಅವರ ಕಣ್ಣಿನಲ್ಲಿತ್ತು. ಹೊಸ ಚಿತ್ರ ಕೊಟ್ಟರೆ ಸಾಲದು, ಹಳೆಯದು ಸುಳ್ಳು ಎಂದು ನನ್ನ ಬಾಯಿಂದಲೇ ಹೇಳಬೇಕು. ಬಸ್ಸು ಸೊಲ್ಲಾಪುರ ಮುಟ್ಟುವಷ್ಟರಲ್ಲಿ ಮನಸ್ಸು ಗಟ್ಟಿಯಾಗಿತ್ತು. ಅಂದೇ ಫೋನ್ ಮಾಡಿ, ಚಿತ್ರದಲ್ಲಿ ತಪ್ಪಿದೆ, ಎರಡು ದಿನ ಕೊಡಿ, ಅಲ್ಲಿಯವರೆಗೆ ಯಾರಿಗೂ ಏನೂ ಹೇಳಬೇಡಿ ಎಂದು ಕೇಳಿಕೊಂಡೆ. ಅವರು ಹೂಂ ಎಂದರು, ಆ ಹೂಂನಲ್ಲಿ ಸಂತೋಷವಿರಲಿಲ್ಲ.

ಈ ಸಲ ಸಿದ್ಧ ಲೈಬ್ರರಿಯನ್ನು ಪಕ್ಕಕ್ಕಿಟ್ಟೆ. ಬ್ರೌಸರಿನಲ್ಲಿ ನಾನೇ ಎಸಳು ಬರೆಯುವುದು ಎಂದು ಕುಳಿತೆ. ಅದೇನು ಬ್ರಹ್ಮವಿದ್ಯೆಯಲ್ಲ. ನಡುವಿನ ಬಿಂದುವಿನಿಂದ ಒಂದು ಗೆರೆ ಹೊರಗೆ, ಅಲ್ಲಿಂದ ಒಂದು ಕಮಾನು, ಕಮಾನಿನ ತುದಿಯಿಂದ ಮತ್ತೆ ನಡುವಿಗೆ. ತುದಿ ಎಲ್ಲಿ ಬರಬೇಕು ಎಂಬುದನ್ನು ಸೈನ್, ಕೊಸೈನ್ ಹೇಳುತ್ತವೆ. ಪರದೆಯಲ್ಲಿ ಕೆಳಗೆ ಹೋದಂತೆ ಅಂಕಿ ಹೆಚ್ಚುವುದರಿಂದ ಕೋನ ತಾನಾಗಿಯೇ ಬಲಕ್ಕೆ ಸುತ್ತುತ್ತದೆ, ಪ್ರದಕ್ಷಿಣೆ ಪುಕ್ಕಟೆಯಾಗಿ ಸಿಕ್ಕಿತು. ಶುರು ಮೇಲಿನಿಂದ ಆಗಲು ಪ್ರತಿ ಕೋನದಿಂದ ತೊಂಬತ್ತು ಡಿಗ್ರಿ ಕಳೆದೆ. ಉದ್ದಕ್ಕೆ ಅಂಕಿಯ ವರ್ಗಮೂಲ. ಬ್ರೌಸರಿಗೆ ಒತ್ತಕ್ಷರ ಕೂಡಿಸಲು ಬರುವುದರಿಂದ ಜ್ಯೇಷ್ಠವೂ ಒಡೆಯದೆ ಕುಳಿತಿತು, ಮರಾಠಿಯ ಕೆಳಗೆ ಕನ್ನಡದಲ್ಲೂ ಹೆಸರು ಬರೆದೆ.

ತಲೆ ತಿಂದದ್ದು ಎರಡು ವಿಷಯ. ಒಂದು ಉಂಗುರಗಳು. ವರ್ಗಮೂಲ ಹಾಕಿದ ಮೇಲೆ ಅವು ಸಮ ಅಂತರದಲ್ಲಿ ಇರುವುದಿಲ್ಲ, ಹೊರಗೆ ಹೋದಂತೆ ಒತ್ತಾಗುತ್ತವೆ. ನೋಡಿದವರು ಇದೇನು ತಪ್ಪು ಎನ್ನುತ್ತಾರೆ. ಉಂಗುರಗಳನ್ನೇ ತೆಗೆದು ಪ್ರತಿ ಎಸಳಿನ ತುದಿಯಲ್ಲಿ ಉಂಡೆಗಳ ಎಣಿಕೆ ಬರೆದುಬಿಟ್ಟೆ. ಇನ್ನೊಂದು ಅಧಿಕ ಶ್ರಾವಣ. ಅದನ್ನು ನಿಜ ಶ್ರಾವಣದೊಂದಿಗೆ ಸರಾಸರಿ ಮಾಡಿದರೆ ಹನ್ನೆರಡು ಎಸಳು ಉಳಿಯುತ್ತವೆ, ಮೂವತ್ತು ಡಿಗ್ರಿಯ ಚೊಕ್ಕತನವೂ ಉಳಿಯುತ್ತದೆ. ಅರ್ಧ ದಿನ ಆ ಆಸೆಯಲ್ಲೇ ಕಳೆದೆ. ಆಮೇಲೆ ಕಾಕು ಹೇಳಿದ ಮಾತು ನೆನಪಾಗಿ ನನ್ನ ಮೇಲೆ ನನಗೇ ಸಿಟ್ಟು ಬಂತು. ಆ ಹೆಂಗಸರು ದುಡಿದದ್ದು ಹದಿಮೂರು ತಿಂಗಳು. ಮುನ್ನೂರ ಅರವತ್ತನ್ನು ಹದಿಮೂರರಿಂದ ಭಾಗಿಸಿದೆ, ಇಪ್ಪತ್ತೇಳು ಮುಗಿದು ಅದರ ಮೇಲೆ ಮುಗಿಯದ ದಶಾಂಶಗಳು ಬಂದವು. ಬರಲಿ ಎಂದೆ. ಅಧಿಕ ಶ್ರಾವಣದ ಎಸಳಿಗೆ ತುಂಬು ಬಣ್ಣದ ಬದಲು ಓರೆ ಗೆರೆ ಹಾಕಿದೆ.

ಕೊನೆಗೆ ಒಂದು ಪರೀಕ್ಷೆ ಮಾಡಿದೆ, ಮೊದಲೇ ಮಾಡಬೇಕಾಗಿದ್ದ ಪರೀಕ್ಷೆ. ಬರೆದಾದ ಪ್ರತಿ ಎಸಳಿನ ಕ್ಷೇತ್ರ ಅಳೆದು ಅದನ್ನು ಆ ತಿಂಗಳ ಉಂಡೆಗಳಿಂದ ಭಾಗಿಸಿದೆ. ಹದಿಮೂರಕ್ಕೂ ಒಂದೇ ಉತ್ತರ ಬಂತು. ಅಂದರೆ ಹಾಳೆಯ ಮೇಲೆ ಯಾವ ತಿಂಗಳಿನ ಉಂಡೆಗೂ ಇನ್ನೊಂದು ತಿಂಗಳಿನ ಉಂಡೆಯಷ್ಟೇ ಜಾಗ. ಹೊಟ್ಟೆಗೆ ಹಾಲು ಎರೆದ ಹಾಗಾಯಿತು.

ಮಾಲಕರ ಗಾದಿಯ ಮುಂದೆ ಹೊಸ ಹಾಳೆ ಇಟ್ಟು, ಎರಡೂ ತಪ್ಪು ಬಿಡಿಸಿ ಹೇಳಿದೆ. ಒಂದು ಅಕ್ಷರ ಓದುವಲ್ಲಿ ಎಡವಿದ್ದು, ಒಂದು ಕ್ಷೇತ್ರ ಮರೆತದ್ದು, ಎರಡೂ ನನ್ನವೇ ಎಂದೆ. ಅವರು ಹಳೆಯದನ್ನೊಮ್ಮೆ ಹೊಸದನ್ನೊಮ್ಮೆ ನೋಡಿದರು. ವರ್ಗಮೂಲದ ಮಾತು ಅವರ ಕಿವಿಯ ಪಕ್ಕದಿಂದ ಹಾದುಹೋಯಿತು. ಹಳೆಯದೇ ಚಂದ ಇತ್ತು ಎಂದರು. ಇಂದು ಹೀಗೆ ಹೇಳುತ್ತಿ, ನಾಳೆ ಇನ್ನೊಂದು ಹೇಳಿದರೆ ನಾನು ಯಾವುದನ್ನು ನಂಬಲಿ ಎಂದೂ ಕೇಳಿದರು. ಕೇಳುವ ಹಕ್ಕು ಅವರಿಗಿತ್ತು.

ನಾನು ಬಟ್ಟೆಯ ಗಂಟು ಬಿಚ್ಚಿ ರೊಟ್ಟಿ ತೆಗೆದಿಟ್ಟೆ. ತಕ್ಕಡಿ ತರಿಸಿ ಎಂದೆ. ಚಟ್ನಿ ತೂಗುವ ತಕ್ಕಡಿ ಬಂತು. ಒಂದು ಕಡೆ ದೊಡ್ಡ ರೊಟ್ಟಿ ಇಟ್ಟು, ಇದರ ಅಗಲ ಸಣ್ಣದರ ಎರಡು ಪಟ್ಟು, ಇನ್ನೊಂದು ಕಡೆ ಸಣ್ಣವು ಎಷ್ಟು ಇಡಬೇಕೋ ನೀವೇ ಇಡಿ ಎಂದೆ. ಅವರು ಒಂದಿಟ್ಟರು. ಎರಡನೆಯದಿಟ್ಟು ಕೈ ಬಿಟ್ಟರು. ತಕ್ಕಡಿ ಅಲುಗಲಿಲ್ಲ. ಮೂರನೆಯದಕ್ಕೂ ಏಳಲಿಲ್ಲ. ನಾಲ್ಕನೆಯದಿಟ್ಟಾಗ ಮುಳ್ಳು ನಡುವಿಗೆ ಬಂದು, ಒಂಚೂರು ಆಚೀಚೆ ಆಡಿ ನಿಂತಿತು. ಹುಟ್ಟಿದಾಗಿನಿಂದ ತಕ್ಕಡಿಯ ಮುಂದೆ ಕುಳಿತ ಮನುಷ್ಯ. ನನ್ನನ್ನು ನಂಬದಿದ್ದರೂ ಮುಳ್ಳನ್ನು ನಂಬದೆ ಇರಲು ಅವರಿಂದ ಆಗಲಿಲ್ಲ.

ಆಮೇಲೆ ಬಂದದ್ದು ಹದಿಮೂರರ ತಕರಾರು. ವರ್ಷಕ್ಕೆ ಹದಿಮೂರು ತಿಂಗಳು ಯಾರು ಕೇಳಿದ್ದಾರೆ ಎಂದರು. ಧೋಂಡ್ಯಾದಲ್ಲಿ ಅಳಿಯಂದಿರಿಗೆ ಕೊಡುವ ಟಾವೆಲ್ ನಿಮ್ಮ ಅಂಗಡಿಯಲ್ಲಿ ಮುಗಿದುಹೋಗಿ ನಮ್ಮ ತಾಯಿ ಬೇರೆ ಕಡೆ ಕೊಳ್ಳಬೇಕಾಯಿತು ಎಂದೆ. ಅವರಿಗೆ ನಗು ತಡೆಯಲಾಗಲಿಲ್ಲ. ಅವರಿಗೂ ಇಬ್ಬರು ಅಳಿಯಂದಿರು. ನಗು ಮುಗಿದ ಮೇಲೆ ಹೊಸ ಚಿತ್ರವನ್ನು ಹತ್ತಿರ ಎಳೆದುಕೊಂಡರು. ಹದಿಮೂರೂ ಎಸಳು ಹೆಚ್ಚು ಕಡಿಮೆ ಒಂದೇ. ಪುಷ್ಯ ತುಸು ಚಿಕ್ಕದು, ನಿಜ ಶ್ರಾವಣ ತುಸು ದೊಡ್ಡದು, ಅಷ್ಟೇ. ಬೆರಳು ಪೂರ್ತಿ ಒಂದು ಸುತ್ತು ಹಾಕಿ ಕಾರ್ತೀಕಕ್ಕೇ ಬಂದು ನಿಂತಿತು.

“ಇದರಾಗ ಸೀಜನ್ ಎಲ್ಲೈತಿ?”

“ಇಲ್ರಿ,” ಎಂದೆ. “ಅದಽ ಸುದ್ದಿ.”

ಅಷ್ಟರಲ್ಲಿ ಒಬ್ಬ ಗಿರಾಕಿ ಬಂದ, ಅವನಿಗೆ ಚಾದರು ತೋರಿಸಿ ಕಳಿಸಿದರು. ನಾನು ಹಾಗೆಯೇ ಕುಳಿತೆ, ಆ ಹೊತ್ತಿನಲ್ಲಿ ನನ್ನ ಧೈರ್ಯವೆಲ್ಲ ಎಲ್ಲಿಗೆ ಹೋಗಿತ್ತೋ ಗೊತ್ತಿಲ್ಲ. ಗಿರಾಕಿ ಹೋದ ಮೇಲೆ ಮಾಲಕರು ಎದ್ದು, ಗೋಡೆಯ ಕೇಸರಿ ಎಸಳಿನ ಚಿತ್ರವನ್ನು ತಾವೇ ಕಿತ್ತು, ಮಡಚಿ, ಚಟ್ನಿಯ ಪೆಟ್ಟಿಗೆಯ ತಳಕ್ಕೆ ಹಾಸಿದರು. ಆಮೇಲೆ ಅಕ್ಕಲಕೋಟಕ್ಕೆ ಫೋನ್ ಹಚ್ಚಿದರು.

“ಕಾಕು, ಯಾರನ್ನೂ ಬಿಡಸಬ್ಯಾಡ್ರಿ. ಆ ಚಿತ್ರ ಬರೋಬರ್ ಇರಲಿಲ್ಲ.”

ಸಂಕ್ರಾಂತಿ ಕಳೆದು ಮಾಘ ಶುರುವಾದ ಮೇಲೆ ಹೊಸ ಚಿತ್ರ ಗೋಡೆಗೆ ಹಚ್ಚಲು ಅಕ್ಕಲಕೋಟಕ್ಕೆ ಹೋದೆ. ಬೇಕೆಂದೇ ಬೆಳಿಗ್ಗೆ ಹೋಗಿದ್ದೆ. ಒಂಬತ್ತೂ ಒಲೆ ಉರಿಯುತ್ತಿದ್ದವು, ಬಡಿಯುವ ಸದ್ದು ಓಣಿಯ ತಿರುವಿನಿಂದಲೇ ಕೇಳುತ್ತಿತ್ತು. ಕಾಕು ಕನ್ನಡದ ಹೆಸರುಗಳನ್ನು ಒಂದೊಂದಾಗಿ ಗಟ್ಟಿಯಾಗಿ ಓದಿದರು. ಇನ್ನು ಮೇಲೆ ದಫ್ತರದಲ್ಲಿ ಅಧಿಕ ಎಂದು ಪೂರ್ತಿ ಬರೆಯುತ್ತೇನೆ, ಓದುವವರು ಇಂಥವರು ಇದ್ದಾರೆ ಎಂದರು. ನಾನು ನಕ್ಕು, ನನ್ನ ಪ್ರೋಗ್ರಾಮಿನಲ್ಲೂ ಒಂದು ಪ್ರಶ್ನೆ ಸೇರಿಸಿದ್ದೇನೆ, ವರ್ಷ ಶುರುವಾಗುವಾಗ ಈ ಸಲ ತಿಂಗಳು ಎಷ್ಟು ಎಂದು ಅದು ಮೊದಲು ಕೇಳುತ್ತದೆ, ಉತ್ತರ ನೀವೇ ಹೇಳಬೇಕು ಎಂದೆ.

ಕಾಕು ಅಷ್ಟಕ್ಕೆ ಬಿಡದೆ, ಒಂದು ರೊಟ್ಟಿ ಬಡಿದು ಹೋಗಬೇಕು ಎಂದು ಹಟ ಹಿಡಿದರು. ಕೊನೆಯ ಒಲೆಯ ಹೆಂಗಸು ಎದ್ದು ಜಾಗ ಬಿಟ್ಟಳು. ನನಗೆ ರೊಟ್ಟಿ ಬಡಿಯಲು ಬರುವುದಿಲ್ಲ, ಇದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿ. ಉಂಡೆ ಒಂದು ಕಡೆ ಚಾಚಿತು, ಇನ್ನೊಂದು ಕಡೆ ಒಳಗೆ ಸರಿಯಿತು, ಅಂಚೆಲ್ಲ ಎಸಳು ಎಸಳಾಯಿತು. ಬಾಯಿ ರೊಟ್ಟಿಯಲ್ಲೂ ಚಾರ್ಟೇ ತೆಗೆದರು ಎಂದು ಯಾರೋ ಅಂದರು, ಒಂಬತ್ತೂ ಜನ ನಕ್ಕರು, ನಾನೂ ನಕ್ಕೆ. ಸರಿ ಮಾಡಲು ಇನ್ನೊಮ್ಮೆ ನೀರು ಹಚ್ಚಿಕೊಂಡು ಬಡಿಯತೊಡಗಿದೆ. ಹಿಂದೆ ನಿಂತಿದ್ದ ಆ ಹೆಂಗಸು ಸ್ವಲ್ಪ ಹೊತ್ತು ನೋಡಿ ನನ್ನ ಭುಜ ಮುಟ್ಟಿದಳು.

“ಲಗೂ ಏಳ್ರಿ ಬಾಯಿ. ನನ್ನ ಕೆಲಸ ಐತಿ.”

ಕೈ ಒರೆಸಿಕೊಂಡು ಎದ್ದು ಅವಳಿಗೆ ಜಾಗ ಬಿಟ್ಟೆ.